ಲೈನ್ ಮನೆಯ ಮೇಲಿನ ದಿಮ್ಮಿಗಳು

ಹೋದ ತಿಂಗಳು ಶನಿವಾರಸಂತೆಯಿಂದ ಮನೆಗೆ ಬರುವಾಗ ನಮ್ಮ ಬಸ್ಸು ಒಂದು ಸಾಮಿಲ್ಲಿನ ಎದುರು ನಿಂತುಬಿಟ್ಟಿತು. ಮುಂದೆ ನಾಟಾ ತುಂಬಿದ ಲಾರಿಯೊಂದು ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಹಸಿ ಸಿಲ್ವರ್ ಓಕ್ ಮರ ಕುಯ್ದ ಹುಳಿಹುಳಿ ವಾಸನೆ, ಅದರ ಜೊತೆಗೆ ಡೀಸೆಲ್ ಹೊಗೆ, ಎರಡೂ ಒಟ್ಟಿಗೆ ಕಿಟಕಿಯಿಂದ ಒಳಗೆ ಬಂದವು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದಳು. ನಾನು ಎದುರಿನ ಸೀಟಿನ ಕಂಬಿ ಹಿಡಿದೆ. ಬಸ್ಸು ಅಲುಗಾಡುತ್ತಿರಲಿಲ್ಲ, ಆದರೂ ಹಿಡಿದ ಕೈ ಬಿಡಲು ಆಗಲಿಲ್ಲ. "ವಾಂತಿ ಬರೋ ಹಂಗಾಗುತ್ತೇನಕ್ಕ?" ಎಂದು ಆಕೆ ಕೇಳಿದಳು. ಇಲ್ಲ ಎಂದು ತಲೆಯಾಡಿಸಿದೆ. ಮರ ಬಿದ್ದ ಆ ವರ್ಷದ ಕತೆಯನ್ನು ಗುರುತಿಲ್ಲದವರಿಗೆ ಎಲ್ಲಿಂದ ಶುರು ಮಾಡಿ ಹೇಳುವುದು?

ನಮ್ಮ ತೋಟ ಹಾಸನದ ಗಡಿಗೆ ಹತ್ತಿರದಲ್ಲಿದೆ. ಮೇಲೆ ಸಮತಟ್ಟಿನಲ್ಲಿ ಮನೆ, ಕಣ, ಕಾಫಿ ಗೋದಾಮು. ಅಲ್ಲಿಂದ ಒಂದು ಗಾಡಿ ದಾರಿ ಗುಡ್ಡವನ್ನು ಬಳಸಿಕೊಂಡು ಹೋಗುತ್ತದೆ. ದಾರಿಯ ಕೆಳಗೆಲ್ಲ ಕಡಿದಾದ ಇಳಿಜಾರು, ಅದರ ತುಂಬ ಕಾಫಿ ಗಿಡ. ಇಳಿಜಾರಿನ ಬುಡದಲ್ಲಿ ಕೆಲಸದವರು ಇರಲೆಂದು ನಮ್ಮ ಮಾವ ಕಟ್ಟಿಸಿದ ಹೆಂಚಿನ ಲೈನ್ ಮನೆ. ಆ ವರ್ಷ ಅಲ್ಲಿ ಮುತ್ತು, ಅವನ ಹೆಂಡತಿ ಸೆಲ್ವಿ ಮತ್ತು ಮುತ್ತುವಿನ ತಾಯಿ ಇದ್ದರು. ಆ ಮುದುಕಿಯನ್ನು ನಾವೆಲ್ಲ ಪಾಟಿ ಎನ್ನುತ್ತಿದ್ದೆವು. ತಮಿಳಿನಲ್ಲಿ ಅಜ್ಜಿಗೆ ಹಾಗೆ ಕರೆಯುತ್ತಾರೆ. ಸೆಲ್ವಿ ಮುತ್ತುವನ್ನು ಮದುವೆಯಾಗಿ ನಮ್ಮ ತೋಟಕ್ಕೆ ಬಂದವಳು, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಕೊಯ್ಲಿನ ದಿನಗಳಲ್ಲಿ ನಾವಿಬ್ಬರೂ ಎದುರುಬದುರು ಸಾಲು ಹಿಡಿದು ಮಾತಾಡುತ್ತಾ ಹೋಗುವುದು ವರ್ಷಗಳಿಂದ ಬಂದ ಅಭ್ಯಾಸ.

ದಾರಿಯ ಕೆಳಗಿನ ಅಂಚಿಗೆ ಮಾವ ಸಾಲಾಗಿ ಸಿಲ್ವರ್ ಮರ ನೆಟ್ಟಿದ್ದರು. ಕಾಫಿಗೆ ನೆರಳು, ಮೆಣಸಿನ ಬಳ್ಳಿಗೆ ಆಸರೆ. ಆ ಸಲದ ಆಷಾಢದಲ್ಲಿ ಮಳೆ ಬಿಡದೆ ಹೊಡೆದು ಮಣ್ಣು ಅಂಬಲಿಯಾಗಿತ್ತು. ಆಮೇಲೆ ಗಾಳಿ ಎದ್ದಿತು. ಬೆಳಿಗ್ಗೆ ಒಲೆಯ ಮುಂದಿದ್ದೆ. ಒಂದು ಮರ ಬಿದ್ದ ಸದ್ದು, ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ನಾನೂ ನಮ್ಮ ಯಜಮಾನರೂ ಮಳೆಗೆ ತಲೆಯ ಮೇಲೆ ಕೊರಂಬು ಹೊದ್ದುಕೊಂಡು ಓಡಿದೆವು. ಸಾಲಿಗೆ ಸಾಲೇ ಬೇರು ಕಿತ್ತು ತಲೆಕೆಳಗಾಗಿ ಇಳಿಜಾರಿನಲ್ಲಿ ಮಲಗಿತ್ತು. ಕೊನೆಯ ಮರದ ತುದಿ ಲೈನ್ ಮನೆಯ ಹೆಂಚಿನಿಂದ ಸ್ವಲ್ಪವೇ ಮೇಲೆ ಬಂದು ನಿಂತಿತ್ತು. ಅಂಗಳದಲ್ಲಿ ಸೆಲ್ವಿ ಕೊಡೆ ಹಿಡಿದು ನಿಂತಿದ್ದಳು. ಕೊಡೆಯ ಬಟ್ಟೆ ಮಡಚಿ ಮೇಲಕ್ಕೆ ಹೋಗಿದ್ದರೂ ಅವಳಿಗೆ ಅದರ ಗಮನವಿರಲಿಲ್ಲ.

ಗೌರಿ ಹಬ್ಬ ಕಳೆದ ಮೇಲೆ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಮರ ಕುಯ್ಯುವವರು ಮಿಷಿನ್ ಗರಗಸ ತಂದು ರೆಂಬೆಗಳನ್ನು ಸವರಿ, ಕಾಂಡಗಳನ್ನು ಉದ್ದುದ್ದ ದಿಮ್ಮಿ ಮಾಡಿ, ಇದ್ದಲ್ಲೇ ಬಿಟ್ಟು ಹೋದರು. ನಾಟಾ ಕೊಳ್ಳುವ ಕಂಟ್ರಾಕ್ಟರ್ ಬಂದವನು ಮೇಲಿನಿಂದಲೇ ಬಗ್ಗಿ ನೋಡಿದ. ತೋಟದ ದಾರಿಗೆ ಅಡ್ಡ ಹರಿಯುವ ಸಣ್ಣ ತೋಡಿನ ಹಳೆಯ ಮೋರಿಯ ಮೇಲೆ ಕ್ರೇನು ಬರುವುದಿಲ್ಲ, ನೆನೆದ ಗುಡ್ಡಕ್ಕೆ ಜೆಸಿಬಿ ಇಳಿಸಿದರೆ ಗುಡ್ಡವೇ ಜಾರುತ್ತದೆ ಎಂದ. "ಗಾಡಿ ದಾರಿಗೆ ತಂದ್ ಹಾಕ್ಬುಡಿ ಅಣ್ಣ, ಮುಂದಿಂದು ನಂಗ್ ಬಿಡಿ. ಇಲ್ಲಾಂದ್ರೆ ಬೇಸ್ಗೆಗೆ ನೋಡಣ."

ಬೇಸಿಗೆಯವರೆಗೆ ಕಾಯಲು ಆಗದು ಎನ್ನುವುದನ್ನು ಮೊದಲು ಹೇಳಿದವಳು ಸೆಲ್ವಿ. ರೆಂಬೆಗಳಿದ್ದಾಗ ಮರಗಳು ಅವನ್ನೇ ನೆಲಕ್ಕೆ ಊರಿಕೊಂಡು ನಿಂತಿದ್ದವು. ಈಗ ಅವು ಬರೀ ಗುಂಡು ದಿಮ್ಮಿ. ಕಾಫಿ ಗಿಡದ ಕಾಂಡ, ಹಿಂದೆ ಕಡಿದ ಮರಗಳ ಬುಡದ ಕುಂಟೆ, ಇಷ್ಟೇ ಅವುಗಳನ್ನು ತಡೆದು ನಿಲ್ಲಿಸಿದ್ದವು. "ಅಕ್ಕ, ಪಾತ್ರೆ ತೊಳಿಯಕ್ಕೆ ಕೂತ್ರೂ ಕಣ್ಣು ಮೇಲೇ ಹೋಗ್ತದೆ. ಹಿಂಗೇ ಬಿಟ್ರೆ ನಮ್ಮ ತಲೆ ಮೇಲೇ ಬರೋದು" ಎಂದಳು.

ಯಜಮಾನರ ಹೆಸರು ಧರ್ಮಪ್ಪ. ಕೆಲಸ ನಾಳೆಗೆ ಇಡುವ ಜಾತಿಯವರಲ್ಲ. ನಮ್ಮಲ್ಲಿ ಒಂದು ಸಣ್ಣ ಟ್ರ್ಯಾಕ್ಟರ್ ಇತ್ತು. ಕಾಫಿ ಸಾಲಿನ ನಡುವೆ ನುಗ್ಗುವಷ್ಟು ಕಿರಿದು, ಗೊಬ್ಬರ ಸಾಗಿಸುವುದಕ್ಕೆ, ಔಷಧಿ ಹೊಡೆಯುವುದಕ್ಕೆ ತಂದದ್ದು. ಸಮ ದಾರಿಯಲ್ಲಿ ನಾನೂ ಓಡಿಸುತ್ತಿದ್ದೆ. ಗಾಡಿ ಮಗುಚಿದರೆ ಕಾಯಲೆಂದು ಡ್ರೈವರ್ ಸೀಟಿನ ಹಿಂದೆ ಇರುವ ಕಬ್ಬಿಣದ ಕಮಾನು ಕೊಂಬೆಗಳಿಗೆ ತಗಲುತ್ತದೆಂದು ಇವರು ಅದನ್ನು ಬಿಚ್ಚಿ ಕೊಟ್ಟಿಗೆಯಲ್ಲಿ ಇಟ್ಟಿದ್ದರು. ಆ ದಿನ ಟ್ರ್ಯಾಕ್ಟರನ್ನು ದಾರಿಯಿಂದ ಹಿಮ್ಮುಖವಾಗಿ ಇಳಿಜಾರಿಗೆ ಇಳಿಸಿ, ಒಂದು ದಿಮ್ಮಿಗೆ ಸರಪಳಿ ಬಿಗಿದು, ಮೇಲಕ್ಕೆ ಎಳೆಯಲು ಹೊರಟರು. ನಾನು ದಾರಿಯಲ್ಲಿ ನಿಂತಿದ್ದೆ. ದಿಮ್ಮಿ ಸ್ವಲ್ಪ ದೂರ ಸಲೀಸಾಗಿ ಬಂತು. ಆಮೇಲೆ ಅದರ ಮೂತಿ ಒಂದು ಕುಂಟೆಗೆ ಹೋಗಿ ಕಚ್ಚಿಕೊಂಡಿತು. ಇವರು ಇನ್ನೂ ಎಕ್ಸಲೇಟರ್ ಕೊಟ್ಟರು. ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ನೆಲ ಬಿಟ್ಟು ಎದ್ದವು, ಹೋರಿ ಮುಂಗಾಲು ಎತ್ತಿದ ಹಾಗೆ. ನಾನು "ರೀ" ಎಂದು ಕೂಗುವುದರೊಳಗೆ ಅದು ಹಿಂದಕ್ಕೆ ಮಗುಚಿತು.

ಇವರು ಪಕ್ಕಕ್ಕೆ ಹಾರಿದ್ದರಿಂದ ಜೀವ ಉಳಿಯಿತು. ಗಾಡಿಯ ಭಾರವೆಲ್ಲ ಎರಡು ಹಳೆಯ ಕಾಫಿ ಗಿಡಗಳ ಮೇಲೆ ಕೂತಿತ್ತು, ಅದರ ಹಿಂದಿನ ಮಡ್‌ಗಾರ್ಡ್ ಇವರ ತೊಡೆಯ ಮೇಲೆ. ಮುತ್ತು ಓಡಿ ಬಂದು ಹಾರೆ ಕೊಟ್ಟು ಎತ್ತಿದ, ನಾನು ಎಳೆದೆ. ಇವರು ಕೂಗಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, ಯಾರದೋ ವಿಷಯ ವಿಚಾರಿಸುವವರ ಹಾಗೆ, "ಕಾಲು ಐತಾ ಶಾರದ?" ಎಂದು ಕೇಳಿದರು.

ಹಾಸನದ ಆಸ್ಪತ್ರೆಯಲ್ಲಿ ತೊಡೆಗೂ ಸೊಂಟಕ್ಕೂ ರಾಡು ಹಾಕಿದರು. ನಾನು ಅಲ್ಲಿ ಬೆಂಚಿನ ಮೇಲೆ ಮಲಗಿ ಎದ್ದು ದಿನ ಕಳೆದೆ. ತೋಟದ ಕಡೆ ಗಮನ ಕೊಡುವವರು ಯಾರೂ ಇರಲಿಲ್ಲ. ಸೆಲ್ವಿ ದಿನಾ ಫೋನ್ ಮಾಡುತ್ತಿದ್ದಳು. ಅಣ್ಣ ಹೆಂಗಿದ್ದಾರೆ ಎಂದು ಮೊದಲು ಕೇಳಿ, ಕೊನೆಗೆ ದನಿ ತಗ್ಗಿಸಿ ಮೇಲಿನ ಸುದ್ದಿ ಹೇಳುತ್ತಿದ್ದಳು. ಹಿಂಗಾರು ಮಳೆ ಬೇಗ ಶುರುವಾಗಿತ್ತು. ಒಂದು ದಿನ ಹೇಳಿದಳು, ದೊಡ್ಡ ದಿಮ್ಮಿ ಒರಗಿದ್ದ ಕಾಫಿ ಗಿಡ ಬೆಳಿಗ್ಗೆ ನೋಡಿದರೆ ನೆಲಕ್ಕೆ ಅಂಟಿಕೊಂಡಿದೆ, ದಿಮ್ಮಿ ಅದನ್ನು ದಾಟಿ ಕೆಳಗಿನ ಗಿಡಕ್ಕೆ ಬಂದು ನಿಂತಿದೆ ಎಂದು. ಅವತ್ತೇ ಮನೆಯಲ್ಲಿದ್ದ ಅತ್ತೆಗೆ ಹೇಳಿ ಗೋದಾಮಿನ ಬೀಗ ತೆಗೆಸಿದೆ. ಮೂವರೂ ಪಾತ್ರೆಪಡಗ ಹೊತ್ತು ಮೇಲಕ್ಕೆ ಬಂದರು. ಆದರೆ ಪಾಟಿಗೆ ಗೋದಾಮು ಹಿಡಿಸಲಿಲ್ಲ. ಅಲ್ಲಿ ಒಲೆ ಇಲ್ಲ, ಸಿಮೆಂಟು ನೆಲ ತಣ್ಣಗೆ ಕೊರೆಯುತ್ತದೆ ಎಂದು ಬೆಳಕು ಹರಿಯುತ್ತಲೇ ಕೋಲೂರಿಕೊಂಡು ಕೆಳಗಿನ ಮನೆಗೆ ಇಳಿದುಬಿಡುತ್ತಿದ್ದಳು.

ಯಜಮಾನರನ್ನು ಮನೆಗೆ ಕರೆತಂದ ಮೇಲೆ ಅವರು ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಗೋಡೆ ಕಡೆ ತಿರುಗಿ ಮಲಗಿ ಮೊಬೈಲ್ ನೋಡುವುದು, ಅಷ್ಟೇ. ಹೋಗಿ ಇಣುಕಿದರೆ ಯಾವುದೋ ದೇಶದ ಕಾಡು, ಯಾರೋ ಟ್ರ್ಯಾಕ್ಟರಿನಲ್ಲಿ ಮರ ಎಳೆಯುವ ವಿಡಿಯೊ. ಒಂದು ಮುಗಿದರೆ ಇನ್ನೊಂದು. ತಮ್ಮ ಗಾಯವನ್ನು ತಾವೇ ಕೆರೆದುಕೊಳ್ಳುತ್ತಿದ್ದಾರೆ ಎಂದುಕೊಂಡು ನಾನು ಸುಮ್ಮನಿದ್ದೆ. ಅತ್ತೆ ಮಾತ್ರ ಸುಮ್ಮನಿರಲಿಲ್ಲ. ಕೊಟ್ಟಿಗೆ ಕಡೆ ಹೋದಾಗಲೆಲ್ಲ, ಮುತ್ತು ಎತ್ತಿಸಿ ರಿಪೇರಿ ಮಾಡಿಸಿ ತಂದು ನಿಲ್ಲಿಸಿದ್ದ ಟ್ರ್ಯಾಕ್ಟರಿಗೆ ಶಾಪ ಹಾಕುತ್ತಿದ್ದರು. "ಆ ಶನೀನ ಯಾರಿಗಾದ್ರೂ ಕೊಟ್ಬುಡಿ. ಅದು ಈ ಮನೇಲಿ ಇರೋ ಗಂಟ ನಂಗೆ ಅನ್ನ ಇಳಿಯಲ್ಲ."

ದಿಮ್ಮಿ ಎಳೆಯುವ ಕೆಲಸಕ್ಕೆಂದು ನಾನು ಕೇಳದ ಡ್ರೈವರ್ ಇರಲಿಲ್ಲ. ಬಂದವರು ಇಳಿಜಾರು ನೋಡುತ್ತಿದ್ದರು, ಆಮೇಲೆ ಮುರಿದು ಬಿದ್ದಿದ್ದ ಕಾಫಿ ಗಿಡ ನೋಡುತ್ತಿದ್ದರು, ಕಾಫಿ ಕುಡಿದು ಹೋಗುತ್ತಿದ್ದರು. ಕೊನೆಗೆ ಒಂದು ಮಧ್ಯಾಹ್ನ ಇವರ ಮಂಚದ ಹತ್ತಿರ ಹೋಗಿ ನಿಂತೆ.

"ನಾನೇ ಎಳೀತೀನಿ" ಎಂದೆ.

ಇವರು ತಿರುಗಲಿಲ್ಲ. "ನಿಂಗೂ ಕಾಲು ಮುರ್ಕೊಳೋ ಆಸೆನಾ?"

"ಮುರ್ಕೊಳದೆ ಎಳೆಯೋದು ಹೆಂಗೆ ಅಂತ ಹೇಳಿ. ದಿನಾ ಅದನ್ನೇ ನೋಡ್ತಿದ್ದೀರಲ್ಲ."

ಅವರು ಗೋಡೆಗೆ ಹೇಳುವ ಹಾಗೆ ಹೇಳತೊಡಗಿದರು. "ಸರಪಳಿನ ನಾನು ಮೇಲ್ಗಡೆ ಕಟ್ಟಿದ್ದೆ ಕಣೆ. ಸೀಟಿನ ಹಿಂದೆ, ಎತ್ತರದಲ್ಲಿ. ಕೆಳಗಿನ ಕೊಕ್ಕೆಗೆ ಬಗ್ಗಿ ಕಟ್ಟಕ್ಕೆ ಬೇಜಾರಾಯ್ತು. ಮೇಲ್ಗಡೆ ಕಟ್ಟಿದ್ರೆ ಅದು ಗಾಡೀನ ಹಿಂದಕ್ಕೆ ಬಗ್ಗಿಸುತ್ತೆ. ಕೆಳಗೆ, ಅಚ್ಚಿಗಿಂತ ಕೆಳಗೆ ಕಟ್ಟಿದ್ರೆ ಮುಂಗಾಲಿ ಏಳ್ತಾ ಇರ್ಲಿಲ್ಲ." ಮುಖ ನನ್ನ ಕಡೆ ತಿರುಗಿಸಿ, "ಅದಕ್ಕಿಂತ ಹೆಚ್ಚಾಗಿ, ಗಾಡೀನ ಇಳಿಜಾರಿಗೆ ಇಳಿಸ್ಲೇಬಾರ್ದಿತ್ತು" ಎಂದರು.

ಅಪಘಾತವಾದ ಮೇಲೆ ಅವರು ಅದರ ಬಗ್ಗೆ ಬಾಯಿಬಿಟ್ಟದ್ದು ಅದೇ ಮೊದಲು. ನಾನು ಮಂಚದ ತುದಿಯಲ್ಲಿ ಕೂತೆ. ಮೊಬೈಲನ್ನು ನನ್ನ ಕಡೆ ಹಿಡಿದು ತೋರಿಸಿದರು. ಒಂದು ಗಟ್ಟಿ ಮರದ ಬುಡಕ್ಕೆ ಕಪ್ಪಿ ಕಟ್ಟಿದ್ದಾರೆ, ಬಾವಿಯ ರಾಟೆಯ ಹಾಗೆ, ಆದರೆ ಪೂರ್ತಿ ಉಕ್ಕಿನದು. ದಿಮ್ಮಿಯಿಂದ ಬಂದ ತಂತಿ ಹಗ್ಗ ಆ ಕಪ್ಪಿಯಲ್ಲಿ ತಿರುಗಿ ಟ್ರ್ಯಾಕ್ಟರಿಗೆ ಹೋಗುತ್ತದೆ. ಟ್ರ್ಯಾಕ್ಟರು ಸಮ ದಾರಿಯಲ್ಲಿ ನೆಟ್ಟಗೆ ಹೋದರೆ ಸಾಕು, ದಿಮ್ಮಿ ಇಳಿಜಾರಿನಿಂದ ತಾನಾಗಿ ಮೇಲೆ ಬರುತ್ತದೆ. ನಮ್ಮ ದಾರಿಯ ಅಂಚಿನಲ್ಲಿ ಬೇರು ಬಿಟ್ಟು ಕೂತಿದ್ದ ಹಳೆಯ ಹಲಸಿನ ಮರ ಇಬ್ಬರಿಗೂ ಒಟ್ಟಿಗೆ ನೆನಪಾಯಿತು.

ಕಪ್ಪಿ, ತಂತಿ ಹಗ್ಗ ತಂದೆ. ವೆಲ್ಡಿಂಗ್ ಅಂಗಡಿಯವನನ್ನು ಕರೆಸಿ ಕಬ್ಬಿಣದ ಕಮಾನನ್ನು ಮತ್ತೆ ಕೂರಿಸಿದೆ, ಸೀಟಿಗೆ ಬೆಲ್ಟು ಹಾಕಿಸಿದೆ. ಮುತ್ತು ಮರಳು ತುಂಬಿದ ಚೀಲಗಳನ್ನು ಟ್ರ್ಯಾಕ್ಟರಿನ ಮೂತಿಗೆ ಕಟ್ಟಿದ. ಉದ್ದದ ದಿಮ್ಮಿಗಳನ್ನು ಇದ್ದಲ್ಲೇ ತುಂಡು ಮಾಡಿಸಿದೆವು. ಕೆಲಸ ಶುರುವಾಗುವ ಮುಂಚೆ ಇವರು ಎಲ್ಲರನ್ನೂ ಮಂಚದ ಹತ್ತಿರ ಕರೆದರು. ಹಗ್ಗ ಬಿಗಿದಾಗ ಅದು ತಿರುಗುವ ಮೂಲೆಯ ಒಳಗೆ ಯಾರೂ ನಿಲ್ಲಬಾರದು, ತುಂಡಾದರೆ ಕುಡುಗೋಲಿನ ಹಾಗೆ ಬೀಸುತ್ತದೆ. ದಿಮ್ಮಿ ಹಿಂದಕ್ಕೆ ಜಾರದಂತೆ ಅಡೆ ಕೊಡುವವನು ಹಗ್ಗ ನಿಂತ ಮೇಲೆಯೇ ಹೋಗಬೇಕು, ಅದೂ ಪಕ್ಕದಿಂದ, ಕೆಳಗಿನಿಂದ ಅಲ್ಲವೇ ಅಲ್ಲ. ನಾನು ಒಂದು ಮಾತು ಸೇರಿಸಿದೆ: ಪ್ರತಿ ಸಲ ಎಳೆಯುವ ಮುಂಚೆ ಯಾರಾದರೂ ಹೋಗಿ ಲೈನ್ ಮನೆ ಖಾಲಿ ಇದೆಯೇ ಎಂದು ಒಳಗೆ ಹೊಕ್ಕು ನೋಡಿ ಬರಬೇಕು. "ಒಳಗ್ಯಾರಿರ್ತಾರೆ ಅಮ್ಮಾ, ಎಲ್ಲಾ ಇಲ್ಲೇ ಇದ್ದೀವಲ್ಲ" ಎಂದು ಮುತ್ತು ನಕ್ಕ. ಸೆಲ್ವಿ ನಗಲಿಲ್ಲ. "ನಾನು ನೋಡ್ತೀನಿ" ಎಂದಳು.

ಇವರನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋಗಿ ದಾರಿಯ ತಿರುವಿನಲ್ಲಿ ಕೂರಿಸಿದೆವು. ಅಲ್ಲಿಂದ ಅವರಿಗೆ ದಿಮ್ಮಿಯೂ ಕಾಣುತ್ತಿತ್ತು, ನಾನೂ ಕಾಣುತ್ತಿದ್ದೆ. ನನಗೆ ಕಾಣುವುದು ಅವರ ಕೈ ಮಾತ್ರ. ಕೈ ಮೇಲೆತ್ತಿದರೆ ಹೊರಡಬೇಕು, ಮುಷ್ಟಿ ಹಿಡಿದರೆ ನಿಲ್ಲಬೇಕು. ಅತ್ತೆ ಕಣದಲ್ಲಿ ಬೆನ್ನು ತಿರುಗಿಸಿ ಕೂತು ದೇವರ ಹೆಸರು ಹೇಳುತ್ತಿದ್ದರು, ಅಷ್ಟು ದೂರಕ್ಕೂ ಕೇಳುತ್ತಿತ್ತು.

ಮೊದಲ ದಿಮ್ಮಿಗೆ ಕ್ಲಚ್ಚನ್ನು ಅಂಗುಲ ಅಂಗುಲವಾಗಿ ಬಿಟ್ಟೆ. ಹಿಂದೆ ಹಗ್ಗ ಕಿರ್ರೆಂದಾಗಲೆಲ್ಲ ಮುಂದಿನ ಗಾಲಿಯನ್ನೇ ನೋಡುತ್ತಿದ್ದೆ. ಅದು ನೆಲದ ಮೇಲೇ ಇತ್ತು. ಸ್ವಲ್ಪ ಎಳೆಯುವುದು, ನಿಲ್ಲಿಸುವುದು, ಮುತ್ತು ಹೋಗಿ ಅಡೆ ಕೊಡುವುದು, ಮತ್ತೆ ಎಳೆಯುವುದು. ಮೂತಿಯನ್ನು ಕೊಡಲಿಯಿಂದ ಮೊದಲೇ ಓರೆಯಾಗಿ ಕೆತ್ತಿದ್ದರಿಂದ ಅದು ಮಣ್ಣಿಗೆ ಚುಚ್ಚದೆ ಜಾರಿಕೊಂಡು ಬಂತು. ದಾರಿಯ ಅಂಚಿಗೆ ಅದರ ತಲೆ ಕಂಡಾಗ ಸೆಲ್ವಿ ಚಪ್ಪಾಳೆ ತಟ್ಟಿದಳು. ಹೀಗೇ ಒಂದರ ಹಿಂದೆ ಒಂದು. ಇವರ ಮುಖದಲ್ಲೂ ಬಣ್ಣ ಬಂದಿತ್ತು, "ನಿಧಾನ, ನಿಧಾನ, ಹಾಂ, ಬಾ" ಎಂದು ಕೂಗುತ್ತಿದ್ದರು.

ಮಾರನೆಯ ದಿನ, ಕೆಳಗಿನ ದೊಡ್ಡ ದಿಮ್ಮಿಯ ಸರದಿ. ಸರಪಳಿ ಬಿಗಿದು ಸಿದ್ಧವಾದ ಮೇಲೆ ಸೆಲ್ವಿ ಎಂದಿನಂತೆ ಮನೆ ನೋಡಿ ಬರಲು ಇಳಿದಳು. ಬರುವುದು ತಡವಾಯಿತು. ನಾನು ಎಂಜಿನ್ ಆಫ್ ಮಾಡಿದೆ. ಕೆಳಗಿನಿಂದ ಜಗಳದ ಸದ್ದು. ಪಾಟಿ ಯಾರ ಕಣ್ಣಿಗೂ ಬೀಳದೆ ತೋಡಿನ ಕಡೆಯಿಂದ ಬಳಸಿ ಹೋಗಿ, ಅಡುಗೆ ಕೋಣೆಯಲ್ಲಿ ಒಲೆ ಹಚ್ಚಿ, ಅದರ ಪಕ್ಕ ಗೋಣಿಚೀಲ ಹೊದ್ದು ಮಲಗಿಬಿಟ್ಟಿದ್ದಳು. ಸೆಲ್ವಿ ಅವಳನ್ನು ತೋಳು ಹಿಡಿದು ಎಬ್ಬಿಸಿ ದಾರಿಗೆ ಹತ್ತಿಸಿ ತಂದಳು. ಪಾಟಿ ತಮಿಳಿನಲ್ಲಿ ಸೊಸೆಗೆ ಬೈದಳು, ಆಮೇಲೆ ಕನ್ನಡದಲ್ಲಿ ನನಗೆ. "ಚಳಿ ಕಾಯ್ಸೋಕೂ ಬಿಡಲ್ವಾ ನೀನು? ನಿನ್ ಮರ ಏನ್ ನನ್ ಮಡಿಲಿಗೆ ಬರತ್ತಾ?" ಮುತ್ತು ತಾಯಿಯನ್ನು ಹಲಸಿನ ಮರದ ಆಚೆ, ದೂರದಲ್ಲಿ ಕೂರಿಸಿ ಬಂದ.

ಇವರ ಕೈ ಮೇಲೆದ್ದಿತು. ಹೊರಟೆ. ಹಗ್ಗ ಬಿಗಿಯಿತು, ಭಾರ ಹಿಂದಿನಿಂದ ಜಗ್ಗಿತು, ದಿಮ್ಮಿ ಎದ್ದು ಬರುತ್ತಿರುವುದು ಸೀಟಿನಲ್ಲಿ ಗೊತ್ತಾಗುತ್ತಿತ್ತು. ಇದ್ದಕ್ಕಿದ್ದಂತೆ ಭಾರ ಇಲ್ಲವಾಯಿತು. ಟ್ರ್ಯಾಕ್ಟರು ಮುಂದಕ್ಕೆ ನೆಗೆಯಿತು, ನಾನು ಕ್ಲಚ್ಚು ಬ್ರೇಕು ಒಟ್ಟಿಗೆ ತುಳಿದೆ. ಹಿಂದೆ ಕಾಫಿ ಗಿಡಗಳು ಒಂದಾದ ಮೇಲೊಂದು ಮುರಿಯುವ ಸದ್ದು. ಆಮೇಲೆ ಹೆಂಚು, ಇಟ್ಟಿಗೆ. ಆಮೇಲೆ ಏನೂ ಇಲ್ಲ. ನಾನು ತಿರುಗಿ ನೋಡಲಿಲ್ಲ, ಇವರ ಮುಖ ನೋಡಿದೆ. ಅವರು ಎದ್ದೇ ಬಿಟ್ಟಿದ್ದರು, ಮುರಿದ ಕಾಲಿನ ಮೇಲೆ.

ತಿಂಗಳುಗಟ್ಟಲೆ ಮಳೆಯಲ್ಲಿ ನೆನೆದ ಮರದ ತೊಗಟೆ ಒಳಗೇ ಬಿಟ್ಟುಕೊಂಡಿತ್ತು. ಸರಪಳಿ ಹಿಡಿದದ್ದು ಬರೀ ತೊಗಟೆಯನ್ನು. ಅದು ಅಂಗಿಯ ತೋಳಿನ ಹಾಗೆ ಕಳಚಿ ಬಂದು ಸರಪಳಿಯಲ್ಲಿ ಜೋತಾಡುತ್ತಿತ್ತು. ದಿಮ್ಮಿ ಅಡುಗೆ ಕೋಣೆಯ ಗೋಡೆಯನ್ನು ಒಡೆದು ಅರ್ಧ ಒಳಗೆ ಹೋಗಿ ಒಲೆಯ ಮೇಲೆ ಮಲಗಿತ್ತು. ಅದರ ಕೆಳಗೆ ಪಾಟಿಯ ಗೋಣಿಚೀಲದ ಒಂದು ತುದಿ ಕಾಣುತ್ತಿತ್ತು, ಹೊಗೆ ಇನ್ನೂ ಏಳುತ್ತಿತ್ತು.

ಪಾಟಿ ನಿಧಾನಕ್ಕೆ ಇಳಿದು ಬಂದು ನೋಡಿದಳು. ಅಳಲಿಲ್ಲ. ಕೋಲಿನಿಂದ ದಿಮ್ಮಿಯನ್ನು ಒಮ್ಮೆ ತಟ್ಟಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು, ಬಹಳ ಹೊತ್ತು ಬಿಡಲೇ ಇಲ್ಲ. ಮುತ್ತು ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಮುಖ ಮುಚ್ಚಿಕೊಂಡ.

"ಸಾಕು, ಬಿಟ್ಬುಡಣ" ಎಂದರು ಇವರು. ಇನ್ನೂ ದಿಮ್ಮಿಗಳಿದ್ದವು. ಮಳೆ ಮತ್ತೆ ಬರುವಂತಿತ್ತು. ಬಿಟ್ಟರೆ ಅವುಗಳನ್ನು ಮತ್ತೆ ಯಾರೂ ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಮುತ್ತುವೇ ಎದ್ದು ಕೊಡಲಿ ತಂದ. ಉಳಿದ ಪ್ರತಿಯೊಂದು ದಿಮ್ಮಿಯ ತೊಗಟೆ ಕೆತ್ತಿ, ಸರಪಳಿ ಕೂರುವ ಜಾಗದಲ್ಲಿ ಸುತ್ತ ಕಚ್ಚು ಹಾಕಿದ. ಅವನು ದಣಿದಾಗ ಕೊಡಲಿಯನ್ನು ನಾನು ತೆಗೆದುಕೊಳ್ಳುತ್ತಿದ್ದೆ. ಒಂದೂ ಜಾರದೆ ಉಳಿದದ್ದೆಲ್ಲ ಮೇಲೆ ಬಂತು. ಆದರೆ ಆಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಂಟ್ರಾಕ್ಟರ್ ಬಂದು ದಾರಿಯಿಂದ ಎಲ್ಲವನ್ನೂ ಸಾಗಿಸಿದ.

ಗೋಡೆ ಕಟ್ಟಿಸಲು ಗಾರೆಯವನನ್ನು ಗೊತ್ತು ಮಾಡಿದ್ದೆ. ಅವನು ಬರುವ ಮುಂಚೆಯೇ ಸೆಲ್ವಿ ಬಂದು ಹಿತ್ತಲ ಬಾಗಿಲಲ್ಲಿ ನಿಂತಳು. ಸಿದ್ದಾಪುರದ ಕಡೆ ಒಂದು ಎಸ್ಟೇಟಿನಲ್ಲಿ ಅವಳ ಅಕ್ಕ ಇದ್ದಾಳೆ, ಅಲ್ಲಿ ಲೈನ್ ಖಾಲಿ ಇದೆ, ಲೆಕ್ಕ ಬರೆಯುವ ರೈಟರ್ ಬನ್ನಿ ಅಂದಿದ್ದಾರೆ ಎಂದಳು.

"ಮರ ಎಲ್ಲಾ ಹೋಯ್ತಲ್ಲ ಸೆಲ್ವಿ. ಇನ್ನೇನೂ ಇಲ್ಲ ಮೇಲೆ. ಗೋಡೆನೂ ಗಟ್ಟಿ ಕಟ್ಟುಸ್ತೀನಿ."

"ಗೊತ್ತು ಅಕ್ಕ. ನಿಮ್ ಮೇಲೆ ಏನೂ ಇಲ್ಲ ನಂಗೆ. ನೀವು ಎಷ್ಟು ಕಷ್ಟ ಬಿದ್ರಿ, ನಾನೇ ನೋಡಿದ್ದೀನಲ್ಲ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಹೇಳಿದಳು, "ಅಲ್ಲಿ ಜಾಗ ಸಮ ಉಂಟಂತೆ. ಮನೆ ಮೇಲೆ ಗುಡ್ಡ ಇಲ್ಲಂತೆ."

ಗಾರೆಯವನಿಗೆ ಫೋನ್ ಮಾಡಿ ಸದ್ಯಕ್ಕೆ ಬೇಡ ಎಂದೆ. ಶನಿವಾರ ಅವರನ್ನು ಬಸ್ಸು ಹತ್ತಿಸಲು ನಾನೇ ಹೋದೆ. ಸಾಮಾನನ್ನು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹೇರಿ, ರಸ್ತೆಯವರೆಗೆ ಓಡಿಸಿಕೊಂಡು ಹೋದೆ. ಪಾಟಿ ಗಂಟಿನ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತಿದ್ದಳು. ಬಸ್ಸು ಬಂದಾಗ ಕಿಟಕಿಯಿಂದ ಕೈ ಚಾಚಿ ನನ್ನ ಕೆನ್ನೆ ಮುಟ್ಟಿ, "ಅವತ್ತು ಬೈದೆ, ಮನಸಲ್ಲಿ ಇಟ್ಕೋಬೇಡ" ಎಂದಳು. ಸೆಲ್ವಿ ಒಳಗಿನ ಸೀಟಿನಲ್ಲಿ ಕೂತಿದ್ದಳು. ಬಸ್ಸು ಹೊರಡುವವರೆಗೂ ತಲೆ ಎತ್ತಲಿಲ್ಲ.

ಮನೆಗೆ ಬಂದಾಗ ಇವರು ಜಗಲಿಯಲ್ಲಿ ವಾಕರ್ ಹಿಡಿದು ನಿಂತಿದ್ದರು.

"ಹೋದ್ರಾ?"

"ಹೋದ್ರು."

ವಾಕರನ್ನು ನಿಧಾನಕ್ಕೆ ತಿರುಗಿಸಿಕೊಂಡು ಒಳಗೆ ಹೋದರು.

ಕಾಫಿ ಹಣ್ಣಾಗಿತ್ತು, ಕಾಯುವಂತಿರಲಿಲ್ಲ. ಹೊರಗಿನಿಂದ ಬಂದ ಕೊಯ್ಲಿನವರು ಆಚೆಯ ಭಾಗಕ್ಕೆ ಹೋದರು. ಆ ಇಳಿಜಾರಿಗೆ ಬರಲು ಯಾರೂ ಮನಸ್ಸು ಮಾಡಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಬುಟ್ಟಿ ಕಟ್ಟಿಕೊಂಡು ನಾನೊಬ್ಬಳೇ ಇಳಿದೆ. ಮರಗಳಿಲ್ಲದೆ ಅಲ್ಲಿ ಬಿಸಿಲು ಕಣ್ಣಿಗೆ ರಾಚುತ್ತಿತ್ತು, ನೆರಳಿನಲ್ಲಿ ಬೆಳೆದ ಎಲೆಗಳು ಅಂಚಿನಲ್ಲಿ ಸುಡತೊಡಗಿದ್ದವು. ದಿಮ್ಮಿಗಳನ್ನು ಎಳೆದ ಜಾಗದಲ್ಲಿ ಕೆಂಪು ಮಣ್ಣಿನ ಗೀರುಗಳು ದಾರಿಯವರೆಗೂ ಹೋಗಿದ್ದವು. ಕೆಳಗೆ ಲೈನ್ ಮನೆಯ ಒಡೆದ ಗೋಡೆ. ನಾನು ಒಂದೊಂದೇ ಗಿಡ ಹಿಡಿದು ಹಣ್ಣು ಬಿಡಿಸುತ್ತಾ ಮುಂದೆ ಹೋದೆ. ನಾಲ್ಕು ಹಣ್ಣು ಬುಟ್ಟಿಗೆ ಬೀಳುವುದರೊಳಗೆ ತಲೆ ತಾನಾಗಿ ಮೇಲಕ್ಕೆ ತಿರುಗುತ್ತಿತ್ತು. ಅಲ್ಲಿ ಬರೀ ಆಕಾಶವಿತ್ತು. ಮತ್ತೆ ಗಿಡಕ್ಕೆ ಕೈ ಹಾಕುತ್ತಿದ್ದೆ, ಮತ್ತೆ ನೋಡುತ್ತಿದ್ದೆ.